ಮಗ ಅಮೆರಿಕದ ಕಾಲೇಜಿನಲ್ಲಿ ಟೆನಿಸ್ ಆಡ್ತಾನೆ: 501 ಡಾಲರ್ ಹಮ್ಮಿಣಿ, ದೋಸೆ ಪೋಸ್ಟರ್, ಇವೆರಡರಲ್ಲಿ ಯಾವುದು ತಪ್ಪು?

ಸರಸ್ವತಿಪುರಂ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಮಗ ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಡಿವಿಷನ್-1 (ಕಾಲೇಜು ಆಟದ ಮೇಲಿನ ದರ್ಜೆ) ಯೂನಿವರ್ಸಿಟಿಯಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಎರಡನೇ ವರ್ಷ ಓದ್ತಿದ್ದಾನೆ. ಎಫ್-1 ವೀಸಾ, ಅಂದರೆ ವಿದ್ಯಾರ್ಥಿ ವೀಸಾ. ಮೊನ್ನೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಮಾಡಿ, "ಅಮ್ಮ, ಕಂಪ್ಲಯನ್ಸ್ ಆಫೀಸಿಂದ ಮೇಲ್ ಬಂದಿದೆ, ಸೋಮವಾರ ಬಂದು ಕಾಣು ಅಂದಿದ್ದಾರೆ" ಅಂದ. ಆಟಗಾರರು ನಿಯಮ ಪಾಲಿಸ್ತಿದ್ದಾರಾ ಅಂತ ನೋಡೋ ಆಫೀಸಂತೆ ಅದು. ಅವನ ದನಿ ಕೇಳಿ ನನಗೆ ಕೈಕಾಲೇ ಆಡಲಿಲ್ಲ.

ಆಗಿದ್ದು ಇಷ್ಟು. ಅಲ್ಲಿನ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಅವನನ್ನು ಕರೆದು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನ ಮಾಡಿದರು. ಫಲತಾಂಬೂಲದ ತಟ್ಟೆಯಲ್ಲಿ ಒಂದು ಕವರು, ಒಳಗೆ 501 ಡಾಲರಿನ ಚೆಕ್. ಹಮ್ಮಿಣಿ ಅಂತ ಪ್ರೀತಿಯಿಂದ ಕೊಟ್ಟಿದ್ದು. ಅವನು ಇನ್ನೂ ಬ್ಯಾಂಕಿಗೆ ಹಾಕಿಲ್ಲ, ರಾಕೆಟ್ ಬ್ಯಾಗಿನ ಜೇಬಲ್ಲೇ ಇದೆ.

ಎರಡನೇದು, ಅವತ್ತು ಊಟ ಮಾಡಿಸಿದ ಹೋಟೆಲಿನವರು ಇವನ ಕೈಗೆ ರಾಕೆಟ್ಟು, ಮುಂದೆ ಮಸಾಲೆ ದೋಸೆ ಇಟ್ಟು ಫೋಟೋ ತೆಗೆದು, ಅದನ್ನ ಹೋಟೆಲ್ ಗಾಜಿಗೂ ಅಂಟಿಸಿ ಇನ್‌ಸ್ಟಾಗ್ರಾಂಗೂ ಹಾಕಿದ್ದಾರೆ. "ನೀನು ಯಾವಾಗ ಬಂದ್ರೂ ದುಡ್ಡು ಕೊಡಬೇಡಪ್ಪ" ಅಂದಿದ್ದಾರೆ. ಏಳು ಸಲ ಹೋಗಿ ತಿಂದಿದ್ದಾನೆ. ಯಾರೋ ಆ ಫೋಟೋ ನೋಡಿ ಕಾಲೇಜಿಗೆ ತಿಳಿಸಿದ್ದಾರೆ.

ವರ್ಷದ ಶುರುವಿನಲ್ಲಿ ನಿಯಮದ ಕಾಗದಗಳಿಗೆಲ್ಲ ಸಹಿ ಹಾಕಿದ್ದಾನಂತೆ. ಓದಿದ್ಯೇನೋ ಅಂದ್ರೆ "ಎಲ್ಲರೂ ಹಾಕಿದ್ರು, ನಾನೂ ಹಾಕಿದೆ" ಅಂತಾನೆ. ಇದರಲ್ಲಿ ಯಾವುದು ತಪ್ಪು, ಯಾವುದು ಸರಿ? ಆಟ ಹೋಗತ್ತಾ, ಸ್ಕಾಲರ್‌ಶಿಪ್ ಹೋಗತ್ತಾ? ತಿಳಿದವರು ದಯವಿಟ್ಟು ಹೇಳಿ.

ಡೆಟ್ರಾಯ್ಟ್_ರಾಯ

ಅಮ್ಮ, ಹೆದರಬೇಡಿ. 2021ರ ಜುಲೈ 1ರಿಂದ ಎನ್‌ಐಎಲ್ ಬಂದಿದೆ. ಕಾಲೇಜು ಆಟಗಾರರು ತಮ್ಮ ಹೆಸರು, ಮುಖ, ವರ್ಚಸ್ಸಿನಿಂದ ದುಡ್ಡು ಮಾಡಬಹುದು. ಇಲ್ಲಿ ಫುಟ್‌ಬಾಲ್ ಹುಡುಗರು ಕಾರಿನ ಜಾಹೀರಾತಲ್ಲೇ ಬರ್ತಾರೆ. 600 ಡಾಲರ್ ಒಳಗಿದ್ದರೆ ಹೇಳೋದೂ ಬೇಕಿಲ್ಲ. 501 ಅಲ್ವಾ, ಬಿಟ್ಟಾಕಿ.

ಬೇಸ್‌ಲೈನ್_ಬಸವನಗುಡಿ

@ಡೆಟ್ರಾಯ್ಟ್_ರಾಯ ಸರ್, ಎಫ್-1 ವೀಸಾ ಅಂತ ಅವರು ಎರಡನೇ ಸಾಲಲ್ಲೇ ಬರೆದಿದ್ದಾರೆ. ನೀವು ಹೇಳಿದ್ದು ಅಮೆರಿಕದ ಹುಡುಗರಿಗೆ. ನಮ್ಮ ಹುಡುಗರಿಗೆ ಹಾಗೆ "ಬಿಟ್ಟಾಕಿ" ಅನ್ನೋದು ಅಪಾಯ. ಪರ್ಡ್ಯೂನಲ್ಲಿ ಬಾಸ್ಕೆಟ್‌ಬಾಲ್ ಆಡಿದ ಜ್ಯಾಕ್ ಈಡಿ ಕೆನಡಾದವನು. ಇಡೀ ದೇಶದಲ್ಲೇ ದೊಡ್ಡ ಹೆಸರು, ಆದರೂ ವೀಸಾ ಅಡ್ಡ ಬಂದು ಉಳಿದವರ ಹಾಗೆ ದುಡಿಯೋಕೆ ಆಗಲಿಲ್ಲ. ಅಂಥವನಿಗೇ ಹಾಗೆ ಅಂದಮೇಲೆ ನಮ್ಮ ಪಾಡು ಕೇಳಬೇಕಾ?

ಧಾರವಾಡ_ದೌಡ

ಏನ್ರೀ ಇದು, 501 ಡಾಲರಿಗೆ ಇಷ್ಟ ದೊಡ್ಡ ರಾಮಾಯಣ? ಒಂದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿದು ಟಿವಿ ಹಕ್ಕು 2016ರಾಗ ಮುಂದುವರಿಸಿದಾಗ 2032ರ ತನಕ 880 ಕೋಟಿ ಡಾಲರಿಗೆ ಮಾತಾತು. ಆ ರೊಕ್ಕ ಎಣಿಸ್ಕೋತ ಕೂತವ್ರು ಹುಡುಗ ದ್ವಾಸಿ ತಿಂದ್ರ ಮೇಲ್ ಕಳಸ್ತಾರ. ನನಗಂತೂ ಸಿಟ್ಟ ಬರ್ತೈತಿ.

ಕಂಪ್ಲಯನ್ಸ್_ಕನ್ನಡಿಗ

ನಾನು ಇಂಥದ್ದೇ ಒಂದು ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಬೇರೆ ಯೂನಿವರ್ಸಿಟಿ. ವಕೀಲ ಅಲ್ಲ. ನಿಮ್ಮ ಮಗನ ಕೇಸಿನ ಪೂರ್ತಿ ಸಂಗತಿ ಅಲ್ಲಿನವರಿಗೇ ಗೊತ್ತು, ಹಾಗಾಗಿ ನಾನು ಹೇಳೋದನ್ನ ತೀರ್ಪು ಅಂದ್ಕೋಬೇಡಿ. ಆದರೆ ಒಂದು ವಿಷಯ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನೀವು ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ.

ನಿಮ್ಮ ಮಗ ಇರೋದು ಎರಡು ನಿಯಮಗಳ ಕೆಳಗೆ. ಒಂದು ಎನ್‌ಸಿಎಎದ್ದು, ಅಂದರೆ ಅಮೆರಿಕದ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆಯದ್ದು. ಇನ್ನೊಂದು ವೀಸಾದ್ದು. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎಳೀತವೆ ಇವೆರಡೂ.

ಚೆಕ್ ನೋಡಿ. ಅವನು ಪ್ರತಿಯಾಗಿ ಏನೂ ಮಾಡಿಲ್ಲ. ಆಟಗಾರ ಅಂತ ಅಭಿಮಾನಕ್ಕೆ ಕೊಟ್ಟರು. ಕೆಲಸವೇ ಮಾಡಿಲ್ಲ ಅಂದ್ಮೇಲೆ ವೀಸಾ ಕಡೆಯಿಂದ ಅದು ಅಷ್ಟು ತೊಡಕಲ್ಲ. ಆದರೆ ಎನ್‌ಸಿಎಎ ಕಣ್ಣಲ್ಲಿ ಅದೇ ತೊಡಕು! ಎನ್‌ಐಎಲ್ ಅಂದರೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಒಂದು ಕೆಲಸ ಇರಬೇಕು: ಜಾಹೀರಾತೋ, ಸಹಿಯೋ, ಮಕ್ಕಳಿಗೆ ಕೋಚಿಂಗ್ ಕ್ಯಾಂಪೋ. ಬರೀ ಆಟಗಾರ ಅನ್ನೋ ಕಾರಣಕ್ಕೆ ಬಂದರೆ ಅದು ಆಟಕ್ಕೆ ಕೊಟ್ಟ ದುಡ್ಡು.

ಈಗ ಪೋಸ್ಟರ್. ಫೋಟೋಗೆ ನಿಂತ, ಬದಲಿಗೆ ದೋಸೆ ಸಿಕ್ತು. ಎನ್‌ಸಿಎಎ ಲೆಕ್ಕದಲ್ಲಿ ಅದು ಸಾದಾ ಎನ್‌ಐಎಲ್ ಒಪ್ಪಂದ, ಕಾಲೇಜಿಗೆ ತಿಳಿಸಿದ್ದರೆ ಮುಗೀತಿತ್ತು. ವೀಸಾ ಲೆಕ್ಕದಲ್ಲಿ? ಅಮೆರಿಕದ ನೆಲದಲ್ಲಿ ನಿಂತು, ಒಂದು ವ್ಯಾಪಾರಕ್ಕೆ ಅನುಕೂಲ ಆಗೋ ಕೆಲಸ ಮಾಡಿ, ಪ್ರತಿಫಲ ತಗೊಂಡ. ಪ್ರತಿಫಲ ಡಾಲರಲ್ಲೇ ಇರಬೇಕು ಅಂತೇನಿಲ್ಲ, ದೋಸೆಯೂ ಪ್ರತಿಫಲವೇ. ಒಪ್ಪಿಗೆ ಇಲ್ಲದ ದುಡಿಮೆ ಅಂತ ಯಾರಾದರೂ ಓದಿದರೆ ಆಟದ ಮಾತು ಆಮೇಲೆ, ದೇಶದಲ್ಲಿ ಇರೋ ಹಕ್ಕಿಗೇ ಕುತ್ತು.

ಅದಕ್ಕೇ ನಿಮ್ಮ ಪ್ರಶ್ನೆಗೆ ಉತ್ತರ: ಚೆಕ್ಕಿನ ಬಗ್ಗೆ ಕೇಳಬೇಕಾದ್ದು ಕಂಪ್ಲಯನ್ಸ್ ಆಫೀಸನ್ನ. ಪೋಸ್ಟರ್ ಬಗ್ಗೆ ಕೇಳಬೇಕಾದ್ದು ಐ-20ಗೆ (ವಿದ್ಯಾರ್ಥಿ ವೀಸಾದ ಕಾಗದ) ಸಹಿ ಹಾಕುವ ಇಂಟರ್‌ನ್ಯಾಷನಲ್ ಆಫೀಸನ್ನ, ಮತ್ತೆ ಒಬ್ಬ ಇಮಿಗ್ರೇಷನ್ ವಕೀಲರನ್ನ. ಒಂದು ಆಫೀಸು ಸರಿ ಅಂದ ಮಾತ್ರಕ್ಕೆ ಇನ್ನೊಂದು ಸರಿ ಅನ್ನಲ್ಲ.

@ಡೆಟ್ರಾಯ್ಟ್_ರಾಯ 600 ಡಾಲರ್ ಅನ್ನೋದು 2025ರ ಹೌಸ್ ಒಪ್ಪಂದದಿಂದ (ಆಟಗಾರರು ಎನ್‌ಸಿಎಎ ಮೇಲೆ ಹಾಕಿದ ಕೇಸಿನ ರಾಜಿ) ಬಂದದ್ದು. ಹೊರಗಿನವರ ಜೊತೆಗಿನ ಒಪ್ಪಂದ 600 ಅಥವಾ ಅದಕ್ಕೂ ಮೇಲಿದ್ದರೆ ಎನ್‌ಐಎಲ್ ಗೋ ಅನ್ನೋ ವ್ಯವಸ್ಥೆಗೆ ಐದು ಕೆಲಸದ ದಿನದೊಳಗೆ ತಿಳಿಸಬೇಕು. ಅದು ವರದಿ ಮಾಡುವ ಮಿತಿ. ಅದರ ಕೆಳಗಿನದ್ದೆಲ್ಲ ಮಾಫಿ ಅಂತ ಎಲ್ಲೂ ಬರೆದಿಲ್ಲ. ಒಂದೇ ಕಡೆಯಿಂದ ಚೂರುಚೂರಾಗಿ ಬಂದರೂ ಕೂಡಿಸಿ ಲೆಕ್ಕ ಹಾಕ್ತಾರೆ. ಸಣ್ಣದನ್ನೂ ತಿಳಿಸಿ ಅನ್ನೋ ಕಾಲೇಜುಗಳೂ ಇವೆ.

ಒಂದು ಪ್ರಶ್ನೆ ಅಮ್ಮ, ಆ ಫೋಟೋದಲ್ಲಿ ಹುಡುಗ ಯಾವ ಬಟ್ಟೆ ಹಾಕಿದ್ದ?

ಸರಸ್ವತಿಪುರಂ_ಅಮ್ಮ

ಕಾಲೇಜಿನ ಟೀಮ್ ಟಿ-ಶರ್ಟ್. ಎದೆ ಮೇಲೆ ಅವರ ಲೋಗೋ ಇದೆ. ಅದೂ ತಪ್ಪಾ?

ಕಂಪ್ಲಯನ್ಸ್_ಕನ್ನಡಿಗ

ಲೋಗೋ ಯೂನಿವರ್ಸಿಟಿಯ ಸ್ವತ್ತು, ಕೇಳದೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಹೋಟೆಲಿನವರಿಗೆ ಇವತ್ತೇ ಫೋನ್ ಮಾಡಿಸಿ ಪೋಸ್ಟರ್ ಇಳಿಸಿ. ಆದರೆ ಮಗನಿಗೆ ಹೇಳಿ, ಮೆಸೇಜು, ಫೋಟೋ ಯಾವುದನ್ನೂ ಅಳಿಸಬಾರದು. ಪೋಸ್ಟರ್ ತೆಗೆಯೋದು ತಪ್ಪು ನಿಲ್ಲಿಸಿದ ಹಾಗೆ. ಮೆಸೇಜ್ ಅಳಿಸೋದು ಮುಚ್ಚಿಟ್ಟ ಹಾಗೆ. ನಾನು ನೋಡಿದ ಕೇಸುಗಳಲ್ಲಿ ಸಣ್ಣ ತಪ್ಪು ದೊಡ್ಡದಾಗಿದ್ದು ಯಾವಾಗಲೂ ಆ ಎರಡನೇದರಿಂದ.

ಕುಡ್ಲದ_ಅಪ್ಪ

ಮಾರಾಯ್ರೆ, ಇದನ್ನು ಓದಿ ನನಗೂ ತಲೆಬಿಸಿ ಶುರುವಾಯಿತು. ಮಗಳು ಈಜುಗಾರ್ತಿ, ಈಗ ಪಿಯುಸಿ ಎರಡನೇ ವರ್ಷ, ಕಾಮರ್ಸ್. ಒಂದು ಕನ್ಸಲ್ಟೆನ್ಸಿಯವರು ಅಮೆರಿಕದ ಕಾಲೇಜು ಹುಡುಕಿ ಕೊಡ್ತೇವೆ, ಸಿಕ್ಕಿದ ಸ್ಕಾಲರ್‌ಶಿಪ್ಪಿನಲ್ಲಿ ಹತ್ತು ಶೇಕಡಾ ನಮಗೆ ಕೊಡಿ ಅಂತ ಹೇಳ್ತಾ ಇದ್ದಾರೆ. ಸಿಕ್ಕದಿದ್ದರೆ ಏನೂ ಬೇಡವಂತೆ. ಕೇಳಲಿಕ್ಕೆ ಚಂದ ಉಂಟು. ಇದು ನಿಯಮಕ್ಕೆ ಸರಿಯಾ?

ಬೇಸ್‌ಲೈನ್_ಬಸವನಗುಡಿ

ಅಪ್ಪಾಜಿ, ಸಹಿ ಹಾಕ್ಬೇಡಿ!! ಸ್ಕಾಲರ್‌ಶಿಪ್ ಮೊತ್ತದ ಮೇಲೆ ಪರ್ಸೆಂಟೇಜ್ ಕೊಟ್ಟರೆ ಎನ್‌ಸಿಎಎ ಅದನ್ನ ಏಜೆಂಟ್ ಇಟ್ಕೊಂಡ ಹಾಗೆ ನೋಡತ್ತೆ. ಮಗಳ ಅರ್ಹತೆಗೇ ಏಟು ಬೀಳತ್ತೆ, ಕನ್ಸಲ್ಟೆನ್ಸಿಗೆ ಏನೂ ಆಗಲ್ಲ. ಸೀಟು ಸಿಗಲಿ ಬಿಡಲಿ, ಇಷ್ಟು ಕೆಲಸಕ್ಕೆ ಇಷ್ಟು ಶುಲ್ಕ ಅಂತ ಮೊದಲೇ ನಿಗದಿ ಮಾಡಿದ ದುಡ್ಡಾದರೆ ನಡೆಯತ್ತೆ.

ಕಂಪ್ಲಯನ್ಸ್_ಕನ್ನಡಿಗ

ಬಸವನಗುಡಿಯವರು ಹೇಳಿದ್ದು ಸರಿ. ಜೊತೆಗೆ ಕಾಮರ್ಸ್ ಅಂದಿರಲ್ಲ ಸರ್, ಅದನ್ನೂ ಈಗಲೇ ನೋಡ್ಕೊಳ್ಳಿ. ಡಿವಿಷನ್-1ಕ್ಕೆ 16 ಕೋರ್ ಕೋರ್ಸ್ ಬೇಕು, ಅವುಗಳಲ್ಲಿ ಸರಾಸರಿ 2.3 ಜಿಪಿಎ ಬೇಕು. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ, ಇನ್ನೊಂದು ಭಾಷೆ, ಇವು ಲೆಕ್ಕಕ್ಕೆ ಬರ್ತವೆ. ಅರ್ಥಶಾಸ್ತ್ರ ಬರತ್ತೆ. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಬರಲ್ಲ. ಎಷ್ಟೋ ಮಕ್ಕಳು ಅಕೌಂಟೆನ್ಸಿಯಲ್ಲಿ 98 ತೆಗೆದು ಕೋರ್ ಕೋರ್ಸ್ ಸಾಲದೆ ಒದ್ದಾಡಿದ್ದನ್ನ ನೋಡಿದ್ದೀನಿ. ಒಂಬತ್ತನೇ ತರಗತಿಯಿಂದ ಎಲ್ಲ ಅಂಕಪಟ್ಟಿ ಎತ್ತಿಡಿ. ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆ ಬೇಕು ಅನ್ನೋ ಷರತ್ತನ್ನ ಎನ್‌ಸಿಎಎ 2023ರಲ್ಲಿ ತೆಗೀತು. ಕಾಲೇಜು ತನ್ನ ಪ್ರವೇಶಕ್ಕೆ ಕೇಳಬಹುದು, ಅದು ಬೇರೆ.

ಕುಡ್ಲದ_ಅಪ್ಪ

ದೇವರೇ, ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಎಲ್ಲಿ ಉಂಟೋ. ನಾಳೆಯೇ ಶಾಲೆಗೆ ಹೋಗ್ತೇನೆ. ತುಂಬಾ ಉಪಕಾರ ಆಯಿತು.

ನಿವೃತ್ತ_ಪಿಇಡಿ_ದಾವಣಗೆರೆ

ನಾನು 31 ವರ್ಷ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದವನು. ಇದನ್ನೆಲ್ಲ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮಲ್ಲಿ ಅಂತರ ಕಾಲೇಜು ಕ್ರೀಡಾಕೂಟಕ್ಕೆ ಅರ್ಹತಾ ಪತ್ರ ತುಂಬುವುದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಿಂದ ಹುಟ್ಟಿದ ತಾರೀಖು ತಾಳೆ ನೋಡುವುದು, ಪ್ರಾಂಶುಪಾಲರ ಸಹಿ ಮೊಹರು ಹಾಕಿಸುವುದು, ಎಲ್ಲ ಒಬ್ಬನೇ ಮಾಡುತ್ತಿದ್ದೆ. ಕಂಪ್ಲಯನ್ಸ್ ಆಫೀಸು ಅಂತಿದ್ದರೆ ಅದು ನನ್ನ ಮೇಜಿನ ಎರಡನೇ ಡ್ರಾಯರ್.

ಒಂದು ವರ್ಷ ಕಬಡ್ಡಿ ಸೆಮಿಫೈನಲ್ಲಿಗೆ ಅರ್ಧ ಗಂಟೆ ಇರುವಾಗ ಎದುರಿನ ಕಾಲೇಜಿನವರು ಆಕ್ಷೇಪಣೆ ಕೊಟ್ಟರು: ನಿಮ್ಮ ರೈಡರ್ ತರಗತಿಗೆ ಬರುವುದೇ ಇಲ್ಲ, ಆಡುವುದಕ್ಕೆ ಅಂತಲೇ ಅಡ್ಮಿಷನ್ ಆಗಿದ್ದಾನೆ. ಹಾಜರಿ ಪುಸ್ತಕ ತರಿಸಿದೆ. ನಿಜವಾಗಿಯೂ ಹುಡುಗ ಆ ಸೆಮಿಸ್ಟರಿನಲ್ಲಿ ಬಂದದ್ದು ಹನ್ನೊಂದು ದಿನ. ಆಡಳಿತದವರಿಂದ "ಸರಿಮಾಡಿ ಸಾರ್" ಅಂತ ಮಾತು ಬಂತು. ನಾನು ಹುಡುಗನನ್ನು ಹೊರಗೆ ಕೂರಿಸಿದೆ. ಸೋತೆವು. ಆರು ತಿಂಗಳು ಕಾಲೇಜಿನಲ್ಲಿ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಆ ಹುಡುಗ ಮುಂದಿನ ಸೆಮಿಸ್ಟರಿನಿಂದ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ, ಬಿ.ಪಿ.ಎಡ್ ಮಾಡಿಕೊಂಡು ಈಗ ತಾನೇ ಮೇಷ್ಟ್ರಾಗಿದ್ದಾನೆ.

ತಾಯಿ, ನಿಮ್ಮ ಮಗನನ್ನು ಕರೆದು ಕೇಳುವವರು ಒಬ್ಬರಿದ್ದಾರಲ್ಲ, ಅದು ಅವನ ಅದೃಷ್ಟ.

ಧಾರವಾಡ_ದೌಡ

ಸರ, ನಿಮ್ಮ ಮಾತಿಗೆ ಶರಣು. ಆದ್ರ ನಿಮ್ಮ ರೈಡರ್ ತಪ್ಪು ಮಾಡಿದ್ದ, ಈ ಹುಡುಗ ಏನ್ ತಪ್ಪು ಮಾಡ್ಯಾನ? ಯಾರೋ ಹಿರಿಯರು ಕೊಟ್ರು, ಕೈ ಮುಗದು ತಗೊಂಡ. ನಮ್ಮ ಕಡೆ ಕುಸ್ತಿ ಗೆದ್ದವ್ರಿಗೆ ಪಟಕಾ ಸುತ್ತಿ, ಬೆಳ್ಳಿ ಕಡಗ ಹಾಕಿ, ಮ್ಯಾಲ ನೂರಾಒಂದು ಕೊಟ್ಟು ಕಳಸ್ತಾರ. ಕೊಡೂ ಕೈ ತಡೀಬೇಕು ಅಂದ್ರ ಹೆಂಗ?

ಡೆಟ್ರಾಯ್ಟ್_ರಾಯ

ನನ್ನ ತಪ್ಪು ಒಪ್ಪಿಕೊಳ್ತೀನಿ, 600ರ ವಿಷಯ ಪೂರ್ತಿ ತಿಳಿದಿರಲಿಲ್ಲ. ಆದರೆ ದೌಡ ಅವರ ಪ್ರಶ್ನೆ ನ್ಯಾಯವಾದದ್ದೇ. ನಿಯಮ ಇಷ್ಟು ಬೇಗ ಬದಲಾಗ್ತಿದ್ದರೆ 19 ವರ್ಷದ ಹುಡುಗ ಹೇಗೆ ತಿಳ್ಕೊಳ್ಳಬೇಕು?

ಕಂಪ್ಲಯನ್ಸ್_ಕನ್ನಡಿಗ

ನಮಗೇ ತಿಳ್ಕೊಳ್ಳೋದು ಕಷ್ಟ ಆಗಿದೆ, ಅದನ್ನ ಮುಚ್ಚುಮರೆ ಇಲ್ಲದೆ ಹೇಳ್ತೀನಿ. 2021ರ ಜೂನ್ 21ರಂದು ಆಟಗಾರರು ಹಾಕಿದ್ದ ಆಲ್‌ಸ್ಟನ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಹತ್ತೇ ದಿನಕ್ಕೆ ಎನ್‌ಐಎಲ್ ಬಾಗಿಲು ತೆರೀತು. 2025ರ ಜೂನ್ 6ಕ್ಕೆ ಹೌಸ್ ಒಪ್ಪಂದಕ್ಕೆ ಕೋರ್ಟಿನ ಒಪ್ಪಿಗೆ, ಜುಲೈ 1ಕ್ಕೆ ಜಾರಿ. ಕಾಲೇಜೇ ಆಟಗಾರರಿಗೆ ಹಣ ಹಂಚಬಹುದು, ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್ ತನಕ. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಸಂಖ್ಯೆಗೆ ಮಿತಿ ಬಂತು. ಗಂಡು ಮಕ್ಕಳ ಟೆನಿಸ್‌ಗೆ ವರ್ಷಾನುಗಟ್ಟಲೆ ಇದ್ದದ್ದು ಒಟ್ಟು 4.5 ಸ್ಕಾಲರ್‌ಶಿಪ್, ಅದನ್ನೇ ಎಂಟು ಹತ್ತು ಹುಡುಗರಿಗೆ ಹಂಚ್ತಿದ್ದರು. ಆ ಇಡೀ ಲೆಕ್ಕವನ್ನ ಇಪ್ಪತ್ತೈದು ದಿನದಲ್ಲಿ ಹೊಸದಾಗಿ ಕಲೀಬೇಕಾಯ್ತು.

ಬೆಟ್ಟಿಂಗ್ ನಿಯಮ ನೋಡಿ. 2025ರ ಅಕ್ಟೋಬರಿನಲ್ಲಿ ವೃತ್ತಿಪರ ಪಂದ್ಯಗಳ ಮೇಲೆ ಬೆಟ್ ಕಟ್ಟಬಹುದು ಅಂತ ಡಿವಿಷನ್-1 ಒಪ್ಪಿಗೆ ಕೊಟ್ಟಿತು. ನವೆಂಬರಿನಲ್ಲಿ ಮೂರನೇ ಎರಡರಷ್ಟು ಕಾಲೇಜುಗಳು ಬೇಡ ಅಂತ ಮತ ಹಾಕಿ ಅದನ್ನ ರದ್ದು ಮಾಡಿದವು. ಆ ಮಧ್ಯೆ "ಈಗ ಕಟ್ಟಬಹುದಲ್ವಾ?" ಅಂತ ನನ್ನ ಬಾಗಿಲಿಗೆ ಬಂದ ಹುಡುಗರಿಗೆ "ಕಾಯಿ, ಇನ್ನೂ ಜಾರಿಯಾಗಿಲ್ಲ" ಅಂತ ಹೇಳಿ ಹೇಳಿ ಸಾಕಾಯ್ತು. ಕಾದವರು ಉಳಿದರು.

ಅದಕ್ಕೇ ಮಕ್ಕಳಿಗೆ ನಿಯಮ ಬಾಯಿಪಾಠ ಮಾಡಿ ಅನ್ನೋದನ್ನ ನಾನು ಬಿಟ್ಟೆ. ಏನಾದರೂ ತಗೊಳ್ಳೋ ಮುಂಚೆ, ಸಹಿ ಹಾಕೋ ಮುಂಚೆ, ಫೋಟೋಗೆ ನಿಲ್ಲೋ ಮುಂಚೆ ಒಂದು ಸಾಲು ಮೇಲ್ ಮಾಡಿ ಅಂತೀನಿ. ಫೋನ್ ಬೇಡ, ಕೋಚ್ ಹತ್ತಿರ ಬಾಯಿಮಾತು ಬೇಡ. ಮೇಲ್ ಆದರೆ ಕೇಳಿದ್ದಕ್ಕೆ ದಾಖಲೆ ಇರತ್ತೆ, ತಪ್ಪು ಉತ್ತರ ಕೊಟ್ಟರೆ ಅದು ನಮ್ಮ ತಲೆ ಮೇಲೆ ಬರತ್ತೆ, ಹುಡುಗನ ತಲೆ ಮೇಲೆ ಅಲ್ಲ.

ಮೈಸೂರ್_ಪಾಕ

ಬೆಟ್ಟಿಂಗ್ ಅಂದಿರಲ್ಲ, ಐಪಿಎಲ್ ಫ್ಯಾಂಟಸಿ ಆಡಬಹುದಾ? ನಮ್ಮ ಅಳಿಯ ಅಲ್ಲಿ ಟೇಬಲ್ ಟೆನಿಸ್ ಕ್ಲಬ್ಬಲ್ಲಿದ್ದಾನೆ.

ಕಂಪ್ಲಯನ್ಸ್_ಕನ್ನಡಿಗ

ಕ್ಲಬ್ ಆಟಕ್ಕೆ ಎನ್‌ಸಿಎಎ ಅನ್ವಯಿಸಲ್ಲ. ಎನ್‌ಸಿಎಎ ತಂಡದ ಮಕ್ಕಳಾದರೆ, ಎನ್‌ಸಿಎಎ ಚಾಂಪಿಯನ್‌ಷಿಪ್ ನಡೆಸುವ ಯಾವ ಆಟದ ಮೇಲೂ ಹಣ ಹಾಕಬಾರದು. ಕ್ರಿಕೆಟ್ ಆ ಪಟ್ಟಿಯಲ್ಲಿಲ್ಲ, ಆದರೆ ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಟೆನಿಸ್ ಇವೆ. ದುಡ್ಡು ಕಟ್ಟಿ ಆಡೋ ಫ್ಯಾಂಟಸಿಯೂ ಬೆಟ್ಟಿಂಗೇ. ಇಂಡಿಯಾದಲ್ಲೇ 2025ರ ಆಗಸ್ಟಿನ ಕಾನೂನು ಬಂದಮೇಲೆ ದುಡ್ಡಿನ ಆನ್‌ಲೈನ್ ಆಟ ನಿಂತಿವೆ, ಆ ಕಡೆ ಹೋಗೋದೇ ಬೇಡ.

ಅಪ್ಪ ಅಮ್ಮಂದಿರು ಮರೆಯೋದು ಇನ್ನೊಂದು. "ಮಗನ ಮಣಿಕಟ್ಟು ನೋವು, ನಾಳೆ ಆಡಲ್ಲ" ಅಂತ ಫ್ಯಾಮಿಲಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕ್ತೀರಿ. ಅಲ್ಲಿಂದ ಅದು ಎಲ್ಲಿಗೆ ಹೋಗತ್ತೆ ಅಂತ ನಿಮಗೆ ಗೊತ್ತಿರಲ್ಲ. ತಂಡದ ಒಳಗಿನ ಮಾಹಿತಿಯನ್ನ ಬೆಟ್ ಕಟ್ಟೋರಿಗೆ ಕೊಡೋದೂ ನಿಷಿದ್ಧ.

ಸರಸ್ವತಿಪುರಂ_ಅಮ್ಮ

ಅಯ್ಯೋ, ಹೋದ ತಿಂಗಳು ಮಗನ ಮೊಣಕಾಲಿನ ವಿಷಯ ನಾನೇ ಗುಂಪಿಗೆ ಹಾಕಿದ್ದೆ. ಹರಕೆ ಹೇಳ್ಕೊಳ್ಳಿ ಅಂತ. ಇನ್ನು ಹಾಕಲ್ಲ.

ಬೇಸ್‌ಲೈನ್_ಬಸವನಗುಡಿ

ನನ್ನ ಕಥೆ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಲಿ. 2015ರಲ್ಲಿ ಅಮೆರಿಕದ ಕಾಲೇಜಿಗೆ ಟೆನಿಸ್ ಆಡೋಕೆ ಹೋದೆ. ಪಿಯುಸಿ ಆದಮೇಲೆ ಒಂದು ವರ್ಷ ಐಟಿಎಫ್ ಫ್ಯೂಚರ್ಸ್ (ಕೆಳಹಂತದ ವೃತ್ತಿಪರ ಟೆನಿಸ್ ಟೂರ್ನಿ) ಸುತ್ತಾಡಿದ್ದೆ. ರ‍್ಯಾಂಕಿಂಗ್ ಬಂದರೆ ಒಳ್ಳೆ ಕಾಲೇಜು ಸಿಗತ್ತೆ ಅಂತ ಅಕಾಡೆಮಿಯವರು ಹೇಳಿದ್ದರು. ಟೆನಿಸ್‌ಗೆ ಆಗ ಇದ್ದದ್ದು ಹೈಸ್ಕೂಲು ಮುಗಿದು ಆರು ತಿಂಗಳ ಗಡುವು ಅಂತ ಯಾರೂ ಹೇಳಿರಲಿಲ್ಲ. ಒಂದು ಸೀಸನ್ ಹೋಯ್ತು, ಮೊದಲ ವರ್ಷ ಪೂರ್ತಿ ಬೆಂಚು. ಬಿಸಿಲಲ್ಲಿ ಕೂತು ಅಂಕ ಬರೀತಿದ್ದೆ. ಅಪ್ಪನಿಗೆ ಮಾತ್ರ "ಆಡ್ತಿದ್ದೀನಿ" ಅಂತ ಹೇಳಿದ್ದೆ.

ಎರಡನೇ ಏಟು ಓದಿನದ್ದು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಷ್ಟ ಅಂತ ಮೂರನೇ ವರ್ಷ ಎಕನಾಮಿಕ್ಸ್‌ಗೆ ಬದಲಾದೆ. ಡಿವಿಷನ್-1ರಲ್ಲಿ 40-60-80 ಅಂತ ಲೆಕ್ಕ: ಎರಡನೇ ವರ್ಷದ ಕೊನೆಗೆ ಡಿಗ್ರಿಯ 40 ಶೇಕಡಾ ಮುಗಿದಿರಬೇಕು, ಮೂರಕ್ಕೆ 60, ನಾಲ್ಕಕ್ಕೆ 80. ನಾನು ತಗೊಂಡ ಥರ್ಮೊಡೈನಮಿಕ್ಸು ಎಕನಾಮಿಕ್ಸ್ ಡಿಗ್ರಿಗೆ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಮೂರು ಕೋರ್ಸ್ ಒದ್ದಾಡಿ ಮುಗಿಸಿ ಉಳಿದೆ. ಅಡ್ವೈಸರ್ ಹತ್ತಿರ ಹೋಗಿ ಬ್ರಾಂಚ್ ಬದಲಿಸಿದ್ದೆ, ಕಂಪ್ಲಯನ್ಸ್ ಆಫೀಸಿಗೆ ಹೇಳಿರಲಿಲ್ಲ. ಇಲ್ಲೂ ಎರಡು ನಿಯಮ ಬೇರೆಬೇರೆ: ಆನ್‌ಲೈನ್ ತರಗತಿ ಎನ್‌ಸಿಎಎಗೆ ಸರಿ, ಆದರೆ ಎಫ್-1ಗೆ ಒಂದು ಸೆಮಿಸ್ಟರಿನ ಪೂರ್ಣಾವಧಿ ಲೆಕ್ಕದಲ್ಲಿ ಒಂದೇ ಆನ್‌ಲೈನ್ ತರಗತಿ ಸೇರಿಸಬಹುದು.

ಬಹುಮಾನದ ಹಣವೂ ಅಷ್ಟೇ. ಕಾಲೇಜು ಸೇರೋ ಮುಂಚೆ ಟೆನಿಸಿನವರಿಗೆ ವರ್ಷಕ್ಕೆ 10,000 ಡಾಲರ್ ತನಕ, ಮೇಲೆ ಖರ್ಚಿನಷ್ಟು ಮಾತ್ರ ಅಂತಿತ್ತು. ನಾರ್ತ್ ಕ್ಯಾರೊಲೈನಾದ ರೀಸ್ ಬ್ರ್ಯಾಂಟ್‌ಮಯರ್ 2021ರ ಯುಎಸ್ ಓಪನ್‌ನಲ್ಲಿ ಗೆದ್ದ ಹಣದ ಬಹುಪಾಲು ಬಿಡಬೇಕಾಯ್ತು, 2024ರಲ್ಲಿ ಕೋರ್ಟಿಗೇ ಹೋದರು. ನಾನು ಗೆದ್ದಿದ್ದು ಪುಡಿಗಾಸು. ಆದರೂ ಬಸ್ ಟಿಕೆಟ್ಟು, ರಾಕೆಟ್ ದಾರದ ಬಿಲ್ಲು ಎಲ್ಲ ತೋರಿಸು ಅಂದರು. ಅಮ್ಮ ಒಂದು ಡಬ್ಬದಲ್ಲಿ ಎಲ್ಲ ಚೀಟಿ ಹಾಕಿಟ್ಟಿದ್ದಳು, ಅದೇ ಕಾಪಾಡಿತು.

ವೀಕೆಂಡ್_ವೇಟ್

ವಿಷಯಾಂತರಕ್ಕೆ ಕ್ಷಮೆ ಇರಲಿ. ಮೈಸೂರಲ್ಲಿ ಹುಟ್ಟಿದ ವಿಕಾಸ್ ಗೌಡ ಇದೇ ನಾರ್ತ್ ಕ್ಯಾರೊಲೈನಾದಲ್ಲಿ ಓದಿ 2006ರಲ್ಲಿ ಡಿಸ್ಕಸ್‌ನಲ್ಲಿ ಎನ್‌ಸಿಎಎ ಚಾಂಪಿಯನ್ ಆದರು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಚಿನ್ನ. ಅವರ ಕಾಲದಲ್ಲಿ ಎನ್‌ಐಎಲ್ ಅನ್ನೋ ಮಾತೇ ಇರಲಿಲ್ಲ. 2004ರಲ್ಲಿ ಜೆರೆಮಿ ಬ್ಲೂಮ್ ಅನ್ನೋ ಸ್ಕೀ ಆಟಗಾರ, ಸ್ಕೀಯಿಂಗ್ ಖರ್ಚಿಗೆ ಜಾಹೀರಾತು ಹಣ ತಗೊಂಡ ಅಂತ ಕಾಲೇಜು ಫುಟ್‌ಬಾಲ್ ಆಡೋ ಅರ್ಹತೆಯನ್ನೇ ಕಳ್ಕೊಂಡಿದ್ದ.

ಧಾರವಾಡ_ದೌಡ

ವಿಕಾಸ ಗೌಡ್ರ ಹೆಸರು ಕೇಳಿ ಖುಷಿ ಆತ್ರೀ. ನಾನು ಡಿಸ್ಕಸ್ ಹಿಡದಿದ್ದ ಅವ್ರನ್ನ ನೋಡಿ.

ಡೆಟ್ರಾಯ್ಟ್_ರಾಯ

ಊಟದ ನಿಯಮ ಇನ್ನೂ ವಿಚಿತ್ರ ಇತ್ತು. ಒಂದು ಕಾಲಕ್ಕೆ ಕಾಲೇಜು ತನ್ನ ಆಟಗಾರರಿಗೆ ಬೇಗಲ್ (ಬಳೆಯಂಥ ಬನ್ನು) ಕೊಡಬಹುದಿತ್ತು, ಅದಕ್ಕೆ ಕ್ರೀಮ್ ಚೀಸ್ ಸವರಿದರೆ ಅದು "ಊಟ", ಕೊಡೋ ಹಾಗಿಲ್ಲ. 2014ರಲ್ಲಿ ಕನೆಕ್ಟಿಕಟ್‌ನ ಬಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್ ಎಷ್ಟೋ ರಾತ್ರಿ ಹಸಿವಲ್ಲೇ ಮಲಗ್ತೀನಿ ಅಂತ ಪತ್ರಕರ್ತರ ಮುಂದೆ ಹೇಳಿದ. ಆಮೇಲೆ ಊಟ ತಿಂಡಿಗೆ ಮಿತಿ ಇಲ್ಲ ಅಂತ ಮಾಡಿದರು.

ಅಮೃತಮಹಲ್

ಊಟ ಅಂದ್ರೆ ನೆನಪಾಯ್ತು. ಅಮ್ಮಂದಿರು ಊರಿಂದ ಲೇಹ್ಯ, ಚೂರ್ಣ, "ಶಕ್ತಿ ಪುಡಿ" ಕಳಿಸ್ತೀರಲ್ಲ, ಅದನ್ನ ತಂಡದ ಅಥ್ಲೆಟಿಕ್ ಟ್ರೇನರ್‌ಗೆ ತೋರಿಸದೆ ಬಾಯಿಗೆ ಹಾಕಬಾರದು. ನಾನು ಫಿಸಿಯೋ. ಡಬ್ಬಿ ಮೇಲೆ ಬರೆಯದ ಸ್ಟಿರಾಯ್ಡ್ ಒಳಗೆ ಇರೋದುಂಟು. ಉದ್ದೀಪನ ಮದ್ದು ಮೊದಲ ಸಲ ಸಿಕ್ಕಿದರೇ ಒಂದು ವರ್ಷದ ಆಟ ಹೋಗತ್ತೆ. ಗೊತ್ತಿರಲಿಲ್ಲ ಅಂದರೆ ಕೇಳಲ್ಲ.

ನ್ಯೂಜೆರ್ಸಿ_ಲೆಕ್ಕಿಗ

ತೆರಿಗೆಯ ಒಂದು ಮಾತು. ಸ್ಕಾಲರ್‌ಶಿಪ್ಪಿನಲ್ಲಿ ಟ್ಯೂಷನ್, ಪುಸ್ತಕಕ್ಕೆ ಹೋದ ಪಾಲಿಗೆ ತೆರಿಗೆ ಇಲ್ಲ. ಹಾಸ್ಟೆಲು, ಊಟದ ಪಾಲಿಗೆ ಇದೆ. ಎಫ್-1 ಮಕ್ಕಳಿಂದ ಅದರ ಮೇಲೆ 14 ಶೇಕಡಾ ಮೊದಲೇ ಹಿಡಿಯುತ್ತಾರೆ. ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಬೇರೆ ಎಷ್ಟೋ ದೇಶದವರಿಗೆ ಆ ಅನುಕೂಲ ಇಲ್ಲ. 1040-ಎನ್‌ಆರ್ ಅನ್ನುವ ತೆರಿಗೆ ರಿಟರ್ನ್ ಸಲ್ಲಿಸಿದರೆ ಹಿಡಿದ ಹಣದಲ್ಲಿ ಸಾಕಷ್ಟು ವಾಪಸ್ ಬರಬಹುದು. ಎಷ್ಟೋ ಆಟಗಾರರು ಸಲ್ಲಿಸುವುದೇ ಇಲ್ಲ.

ಧಾರವಾಡ_ದೌಡ

ಇಷ್ಟೆಲ್ಲ ನಿಯಮ ಹುಡುಗ್ರಿಗೆ, ಕೋಚ್‌ಗಳಿಗೆ ಏನೂ ಇಲ್ಲೇನ್ರಿ? ನನ್ನ ತಂಗಿ ಮಗ ಅಲ್ಲಿ ಓಡ್ತಾನ. ವಾರಕ್ಕ 20 ತಾಸು ಅಂತಾರ, ಅಂವ ಮನಿಗೆ ಬರೂದ ರಾತ್ರಿ.

ಬೇಸ್‌ಲೈನ್_ಬಸವನಗುಡಿ

20 ತಾಸು ಅಂದ್ರೆ ಲೆಕ್ಕಕ್ಕೆ ಹಿಡಿಯೋ ತಾಸು. ದಿನಕ್ಕೆ ನಾಲ್ಕು, ವಾರಕ್ಕೆ ಒಂದು ದಿನ ರಜ. ಪಂದ್ಯದ ದಿನ ಎಷ್ಟು ಹೊತ್ತು ಆಡಿದ್ರೂ ಮೂರೇ ತಾಸು ಅಂತ ಬರ್ಕೊಳ್ತಾರೆ. ಪ್ರಯಾಣ, ಫಿಸಿಯೋ ಲೆಕ್ಕಕ್ಕಿಲ್ಲ. "ಇಷ್ಟ ಇದ್ರೆ ಬಾ" ಅನ್ನೋ ಪ್ರಾಕ್ಟೀಸಂತೂ ಇಲ್ಲವೇ ಇಲ್ಲ, ಬರದೇ ಇದ್ರೆ ಮುಂದಿನ ವಾರ ತಂಡದಲ್ಲಿ ಹೆಸರಿರಲ್ಲ. ನನ್ನ ತಂಡದಲ್ಲಿ ವಾರದ ತಾಸಿನ ಹಾಳೆಗೆ ನಾವು ಸಹಿ ಹಾಕೋಕೆ ಮುಂಚೆನೇ ಅಂಕಿ ತುಂಬಿರ್ತಿತ್ತು.

ಕಂಪ್ಲಯನ್ಸ್_ಕನ್ನಡಿಗ

ಅದು ತಪ್ಪು. ತುಂಬಿದ ಹಾಳೆಗೆ ಯಾವ ಮಗುವೂ ಸಹಿ ಹಾಕಬಾರದು. ತಾಸಿನ ಹಾಳೆ ಹುಡುಗನನ್ನ ಕಾಯೋಕೆ ಇರೋದು. ಆ ಒಂದು ನಿಯಮವನ್ನ ನಮ್ಮಂಥ ಆಫೀಸುಗಳು ಹುಡುಗರ ದೋಸೆ ಹುಡುಕೋವಷ್ಟು ಶ್ರದ್ಧೆಯಿಂದ ನೋಡಲ್ಲ ಅಂತ ನೀವು ಅಂದರೆ, ನನ್ನ ಹತ್ತಿರ ಉತ್ತರ ಇಲ್ಲ. ಆ ಬೇಸರ ನನಗೂ ಇದೆ.

ಮಾಡರೇಟರ್

ಯೂನಿವರ್ಸಿಟಿ, ಅಕಾಡೆಮಿ, ಕೋಚ್‌ಗಳ ಹೆಸರು ಕೇಳಿ ನಾಲ್ಕು ಕಾಮೆಂಟ್ ಬಂದಿದ್ದವು, ತೆಗೆದಿದ್ದೇವೆ. ಹುಡುಗನ ಗುರುತು ಸಿಗುವಂಥ ವಿವರ ಯಾರೂ ಹಾಕಬೇಡಿ.

ಸರಸ್ವತಿಪುರಂ_ಅಮ್ಮ

ಎಲ್ಲರಿಗೂ ವಂದನೆ. ಆಗಿದ್ದನ್ನ ಹೇಳ್ತೀನಿ.

ಸೋಮವಾರ ಹೋಗೋ ಮುಂಚೆ ಅವನೇ ಕೂತು ಒಂದು ಪುಟದಲ್ಲಿ ಎಲ್ಲ ಬರೆದ. ತಾರೀಖು, ಯಾರು ಕೊಟ್ಟರು, ಏಳು ಸಲ ಏನೇನು ತಿಂದ, ಮೆನು ಪ್ರಕಾರ ಬೆಲೆ ಎಷ್ಟು. ಒಟ್ಟು 96 ಡಾಲರ್. ಒಂದು ಸಲ ಎಕ್ಸ್‌ಟ್ರಾ ವಡೆ ತಿಂದಿದ್ದನ್ನೂ ಸೇರಿಸಿದ್ದ. ಚೆಕ್ಕನ್ನ ಕವರಿನ ಸಮೇತ ಮೇಜಿನ ಮೇಲಿಟ್ಟನಂತೆ. ಅಲ್ಲಿದ್ದ ಮೇಡಂ "ಬ್ಯಾಂಕಿಗೆ ಹಾಕದೆ ಇದ್ದದ್ದು ಒಳ್ಳೇದಾಯ್ತು" ಅಂದರಂತೆ. ಚೆಕ್ ಕೂಟಕ್ಕೆ ವಾಪಸ್. ಅಧ್ಯಕ್ಷರು ನೊಂದ್ಕೊಂಡು ನನಗೇ ಫೋನ್ ಮಾಡಿದ್ದರು, "ತಾಯಿ, ಮಗುವಿಗೆ ಒಳ್ಳೇದಾಗಲಿ ಅಂತ ಕೊಟ್ಟಿದ್ದು" ಅಂದರು. ನನಗೂ ಕಣ್ಣು ತುಂಬಿತು. ಪೇಟ, ಶಾಲು ಇಟ್ಕೋ ಅಂದಿದ್ದಾರೆ.

ದೋಸೆಯ 96 ಡಾಲರನ್ನ ಅವನ ಕೈಯಿಂದಲೇ ಒಂದು ಧರ್ಮಸಂಸ್ಥೆಗೆ ಕೊಡಿಸಿದರು, ರಸೀದಿ ಫೈಲಿಗೆ ಹೋಯ್ತು. ಪೋಸ್ಟರ್ ಇಳಿದಿದೆ. ವೀಸಾ ವಿಷಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಇನ್ನೂ ಇದೆ. ವಕೀಲರನ್ನ ಕಂಡಿದ್ದಾನೆ, ಗುರುವಾರ ಇನ್ನೊಂದು ಸಲ ಹೋಗಬೇಕು. ಅಲ್ಲಿಯವರೆಗೆ ನನಗೆ ನಿದ್ದೆ ಇಲ್ಲ. ಶನಿವಾರದ ಪಂದ್ಯಕ್ಕೆ ಮಾತ್ರ ಅಡ್ಡಿ ಇಲ್ಲ ಅಂದಿದ್ದಾರೆ.

ನಿವೃತ್ತ_ಪಿಇಡಿ_ದಾವಣಗೆರೆ

ವಡೆಯನ್ನೂ ಬರೆದನಲ್ಲ, ಅವನಿಗೆ ನನ್ನ ಆಶೀರ್ವಾದ ತಿಳಿಸಿ ತಾಯಿ.

ಕುಡ್ಲದ_ಅಪ್ಪ

ಕನ್ಸಲ್ಟೆನ್ಸಿಯವರಿಗೆ ಬೇಡ ಅಂತ ಹೇಳಿ ಆಯಿತು. ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಹೆಂಡತಿಯ ಸೀರೆಯ ಕಪಾಟಿನಲ್ಲಿ ಸಿಕ್ಕಿತು.

ಸರಸ್ವತಿಪುರಂ_ಅಮ್ಮ

ಕಂಪ್ಲಯನ್ಸ್ ಅಣ್ಣ, ಒಂದು ಕೊನೇ ಪ್ರಶ್ನೆ. ಮುಂದಿನ ತಿಂಗಳು ನನ್ನ ತಂಗಿ ಅಮೆರಿಕಕ್ಕೆ ಹೋಗ್ತಿದ್ದಾಳೆ. ಇಡೀ ತಂಡಕ್ಕೆ ಆಗೋವಷ್ಟು ಕೋಡುಬಳೆ ಕಳಿಸೋಣ ಅಂತಿದ್ದೀನಿ. ಕಳಿಸಬಹುದಾ?

ಕಂಪ್ಲಯನ್ಸ್_ಕನ್ನಡಿಗ

ನಾನು ಹೇಳಲ್ಲ ಅಮ್ಮ. ಅವನ ಕೈಯಲ್ಲಿ ಒಂದು ಸಾಲು ಮೇಲ್ ಮಾಡಿಸಿ.

ಸರಸ್ವತಿಪುರಂ_ಅಮ್ಮ

ಮಾಡಿಸಿದೆ. ಬೆಳಗ್ಗೆ ಉತ್ತರ ಬಂತು: ಕಳಿಸಬಹುದು, ಅದರಲ್ಲಿ ಏನೇನು ಹಾಕಿದೆ ಅಂತ ಬರೆದು ಅಂಟಿಸಿ, ಒಬ್ಬ ಹುಡುಗನಿಗೆ ಕಡಲೆಕಾಯಿ ಆಗಲ್ಲವಂತೆ. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಉಪ್ಪು. ಕರಿಯೋದು ಸೂರ್ಯಕಾಂತಿ ಎಣ್ಣೆಯಲ್ಲಿ. ಹುರಿಗಡಲೆನೂ ಈ ಸಲ ಹಾಕ್ತಿಲ್ಲ.